ಮೌಶಿಯ ಕಾಯಿಲೆಯ ಬೆನ್ನು ಹತ್ತಿ ಲೈಡನ್ನಿಗೆ

ಔರಾದ, ಹೊರಡುವ ಮುನ್ನ

ವಿದೇಶಕ್ಕೆ ಹೊರಟವಳಿಗೆ ಊರಿನವರು ಏನಾದರೊಂದು ತರಲು ಹೇಳಿಯೇ ಹೇಳುತ್ತಾರೆ. ನನ್ನ ಸುಶೀಲಾ ಮೌಶಿ ಏನನ್ನೂ ತರಲು ಹೇಳಲಿಲ್ಲ. ನೋಡಿಕೊಂಡು ಬರಲು ಹೇಳಿದಳು.

"ಥಂಡಿ ದೇಶ ಅಂತಿ. ಅಲ್ಲಿ ಹೆಣ್ಮಕ್ಕಳ ಕೋಟಿಗಿ ಒಳಗ ಅಸ್ತರ ಹ್ಯಾಂಗ ಹಚ್ತಾರ, ಜರಾ ಉಲ್ಟಾ ಮಾಡಿ ನೋಡ್ಕೊಂಡ್ ಬಾ," ಎಂದಳು.

"ಯಾರ ಕೋಟು ಹಿಡ್ದು ಉಲ್ಟಾ ಮಾಡ್ಲಿ ಮೌಶಿ?"

"ಕೇಳಿ ಮಾಡು. ನೀ ಕೇಳಿದ್ರ ಯಾರ್ ಬ್ಯಾಡ ಅಂತಾರ?"

ಮೌಶಿ ನನ್ನ ಅವ್ವನ ತಂಗಿ. ಅವ್ವ ಭಾಲ್ಕಿಯಲ್ಲಿ ಸಾಲಿ ಟೀಚರ್. ನಾನು ಬೆಳೆದದ್ದು ಅಲ್ಲೇ ಆದರೂ ಬೇಸಿಗೆ ರಜೆಗಳೆಲ್ಲ ಕಳೆದದ್ದು ಔರಾದದ ಮೌಶಿಯ ಮನೆಯಲ್ಲಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು ಆಕೆ ಹೆಂಗಸರ ರವಿಕೆ, ನಮ್ಮ ಕಡೆಯ ಮಾತಿನಲ್ಲಿ ಜಂಪರ್, ಹೊಲಿಯುತ್ತಿದ್ದಳು. ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ಆಕೆಯ ಗಿರಾಕಿಗಳು. ಬರ ಬಂದ ವರ್ಷಗಳಲ್ಲಿ ಆ ಹೆಂಗಸರು ಮನೆಗೆ ಬೀಗ ಹಾಕಿ ಹೈದರಾಬಾದಿಗೋ ಪುಣೆಗೋ ಕೆಲಸ ಹುಡುಕಿಕೊಂಡು ಹೋದರು. "ಮೈಯೇ ಇಲ್ಲ ಅಂದಮ್ಯಾಲ ಜಂಪರ್ ಯಾರಿಗಿ ಹೊಲೀಲಿ?" ಎಂದು ಮೌಶಿಯೂ ಖೋಲಿಗೆ ಬೀಗ ಹಾಕಿ ತನ್ನ ಗಂಡ, ನಮ್ಮ ಕಾಕಾನ ಜೊತೆ ಹೈದರಾಬಾದಿಗೆ ಹೋದಳು. ಕಾಕಾ ಒಂದು ಅಪಾರ್ಟ್‌ಮೆಂಟಿನ ಕಾವಲಿಗೆ ನಿಂತ. ಆಕೆ ಲಂಗ ಹೊಲಿಯುವ ಕಾರ್ಖಾನೆ ಸೇರಿದಳು.

ಅಲ್ಲೇ ಆಕೆಯ ಹೊಟ್ಟೆ ಉಬ್ಬತೊಡಗಿದ್ದು. ಗ್ಯಾಸ್ ಎಂದುಕೊಂಡಳು. ಲಂಗದ ಲಾಡಿಯನ್ನು ಸಡಿಲ ಮಾಡಿ ಮಾಡಿ ಕಟ್ಟಿಕೊಂಡಳು. ನನಗೆ ಸುದ್ದಿ ತಿಳಿದು ದವಾಖಾನೆಗೆ ಕರೆದೊಯ್ಯುವ ಹೊತ್ತಿಗೆ ಅಂಡಾಶಯದ ಕ್ಯಾನ್ಸರ್ ಹೊಟ್ಟೆಯ ತುಂಬ ಹರಡಿತ್ತು.

ನಾನು ಅದೇ ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಹೆಂಗಸರ ಕ್ಯಾನ್ಸರ್‌ಗಳ ಬಗ್ಗೆಯೇ ಕೆಲಸ ಮಾಡುತ್ತಿದ್ದೆ. ಮೊದಲು ಒಂದು ಔಷಧಕ್ಕೆ ಬಗ್ಗಿದ ಗಡ್ಡೆ ಆಮೇಲೆ ಅದೇ ಔಷಧಕ್ಕೆ ಯಾಕೆ ಬಗ್ಗುವುದಿಲ್ಲ ಎಂಬುದು ನಮ್ಮ ಪ್ರಶ್ನೆ. ಮೌಶಿ ಕಾಯಿಲೆ ಬೀಳುವ ಮೊದಲೇ ನಾನು ಆ ಕೆಲಸಕ್ಕೆ ಸೇರಿದ್ದೆ. ಆಗ ಅದು ನನಗೊಂದು ಒಳ್ಳೆಯ ಪ್ರಶ್ನೆ ಮಾತ್ರವಾಗಿತ್ತು.

ಆಪರೇಷನ್ ಆಯಿತು, ಕಿಮೋ ಆಯಿತು. ಹೊಟ್ಟೆ ಇಳಿಯಿತು, ಬೋಳಾದ ತಲೆಯಲ್ಲಿ ಮತ್ತೆ ಕೂದಲು ಚಿಗುರಿತು. ಮೌಶಿ ಔರಾದಕ್ಕೆ ಮರಳಿ ಖೋಲಿಯ ಬೀಗ ತೆಗೆದಳು. ಲೈಡನ್ ಎಂಬ ವಿದೇಶಿ ಊರಿನ ಪ್ರಯೋಗಾಲಯದಲ್ಲಿ ಗಡ್ಡೆಗಳನ್ನು ದೇಹದ ಹೊರಗೆ ಬೆಳೆಸುವ ವಿಧಾನ ಕಲಿತು ಬಾ ಎಂದು ನಮ್ಮವರು ನನ್ನನ್ನು ಆರಿಸಿದಾಗ ಆಕೆ ಚೆನ್ನಾಗಿಯೇ ಇದ್ದಳು. ಅದಕ್ಕೇ ನಾನು ಅಳುಕಿಲ್ಲದೆ ಹೊರಟೆ.

ಲೈಡನ್, ನೀರಿನ ಊರು

ಇಳಿದ ದಿನವೇ ಮಳೆ. ಅಬ್ಬರವಿಲ್ಲದ, ಆದರೆ ನಿಲ್ಲುವ ಯೋಚನೆಯೇ ಇಲ್ಲದ ಮಳೆ. ರೈಲು ನಿಲ್ದಾಣದಲ್ಲಿ ನನ್ನನ್ನು ಎದುರುಗೊಂಡದ್ದು ಪ್ರಯೋಗಾಲಯದ ಮುಖ್ಯಸ್ಥೆ ಮರೈಕೆ. ಎತ್ತರದ, ನೆಟ್ಟಗಿನ ಹೆಂಗಸು. ಒಂದು ಕೈಯಲ್ಲಿ ತನ್ನ ಸೈಕಲ್, ಇನ್ನೊಂದು ಕೈಯಲ್ಲಿ ನನಗೆಂದು ತಂದ ಸೈಕಲ್. "ಕೆಟ್ಟ ಹವೆ, ಕ್ಷಮಿಸು," ಎಂದಳು. ಮಳೆ ಬಂದದ್ದಕ್ಕೆ ಕ್ಷಮೆ ಕೇಳುವವರನ್ನು ನಾನು ಅಲ್ಲಿಯತನಕ ಕಂಡಿರಲಿಲ್ಲ. ನಮ್ಮ ಕಡೆ ಆಗ ಟ್ಯಾಂಕರ್ ಬರುವ ಸದ್ದಿಗೆ ಹೆಂಗಸರು ಒಲೆಯ ಮೇಲಿನ ರೊಟ್ಟಿ ಬಿಟ್ಟು ಕೊಡ ಹಿಡಿದು ಓಡುತ್ತಿದ್ದರು.

ಮೊದಲ ವಾರವೇ ಒಂದು ಸೇತುವೆಯ ತಿರುವಿನಲ್ಲಿ ಸೈಕಲ್ ಸಮೇತ ಬಿದ್ದೆ. ಮೊಣಕೈ ತರಚಿಹೋಯಿತು. ನಮ್ಮಲ್ಲಾದರೆ ಹತ್ತು ಜನ ಸೇರಿ ನೀರು ಕುಡಿಸಿ, ಯಾರ ಮಗಳು ಎಂದು ವಿಚಾರಿಸಿ, ಬೈದು ಕಳಿಸುತ್ತಿದ್ದರು. ಅಲ್ಲಿ ಒಬ್ಬಾಕೆ ನಿಂತು "ಸರಿಯಿದ್ದೀಯಾ?" ಎಂದಳು. "ಹೌದು" ಎಂದೆ. ನಂಬಿ ಹೊರಟುಹೋದಳು. ಈ ದೇಶದವರು ಹೇಳಿದ ಮಾತನ್ನು ಹೇಳಿದಷ್ಟೇ ತೆಗೆದುಕೊಳ್ಳುತ್ತಾರೆ ಎಂದು ಅವತ್ತು ತಿಳಿಯಿತು.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಬ್ರೆಡ್ಡು. ದೊಡ್ಡ ದೊಡ್ಡ ವಿಜ್ಞಾನಿಗಳು ಅದರ ಮೇಲೆ ಬೆಣ್ಣೆ ಸವರಿ, ಚಾಕಲೇಟಿನ ಕಾಳು ಉದುರಿಸಿಕೊಂಡು, ಗಂಭೀರವಾಗಿ ತಿನ್ನುತ್ತಾರೆ. ಸಂಜೆ ಬೀದಿಯಲ್ಲಿ ನಡೆದರೆ ಯಾವ ಕಿಟಕಿಗೂ ಪರದೆ ಇಲ್ಲ. ಒಳಗೆ ಕುಳಿತವರು, ಓದುವವರು, ಜಗಳವಾಡುವವರು ಎಲ್ಲ ಕಾಣುತ್ತಾರೆ. ಆದರೆ ನೋಡುತ್ತ ನಿಲ್ಲುವವಳು ನಾನೊಬ್ಬಳೇ.

ಒಂದು ದಿನ ಮರೈಕೆ, "ನಾವು ನಿಂತಿರುವ ನೆಲ ಸಮುದ್ರಕ್ಕಿಂತ ಕೆಳಗಿದೆ. ಪಂಪುಗಳು ನೀರನ್ನು ಹೊರಗೆ ಎತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಮುಳುಗುತ್ತೇವೆ," ಎಂದಳು. ಅಂದು ಕಾಲುವೆಯ ವಿಡಿಯೋ ಮಾಡಿ ಮೌಶಿಗೆ ಕಳಿಸಿದೆ. ಕೂಡಲೇ ಫೋನ್ ಬಂತು.

"ಅಯ್ಯೋ ಸಂಗೀ, ಇಷ್ಟು ನೀರದ, ಒಬ್ಬಾಕಿನೂ ಬಟ್ಟಿ ಒಗೀಲಕ ಬಂದಿಲ್ಲಲ್ಲ!"

"ಮನ್ಯಾಗ ಮಷಿನ್ ಅವ ಮೌಶಿ."

"ಮಷಿನ್ ಇದ್ರೇನಾಯ್ತು, ನೀರಂತೂ ನೀರೇ ಅಲ್ಲ?"

ಕೋಟಿನ ವಿಷಯವನ್ನೂ ಮುಗಿಸಿದೆ. ಸಂಕೋಚ ಬಿಟ್ಟು ಮರೈಕೆಯನ್ನು ಕೇಳಿದೆ. ಆಕೆ ಯಾಕೆ ಎಂದೂ ಕೇಳದೆ ಕೋಟು ಕಳಚಿ ಮೇಜಿನ ಮೇಲೆ ಉಲ್ಟಾ ಹರಡಿದಳು. ಫೋಟೋ ನೋಡಿದ ಮೌಶಿ, "ಕೈ ಹೊಲಿಗಿ ಅಲ್ಲ. ಆದ್ರ ಕಂಕುಳದಾಗ ಛಲೋ ಜಾಗಾ ಬಿಟ್ಟಾರ," ಎಂದು ತೀರ್ಪು ಕೊಟ್ಟಳು. ಆ ಮಾತಿನ ನಡುವೆಯೇ ಒಮ್ಮೆ ತೇಗಿದಳು. ಹೊಟ್ಟೆ ಜರಾ ಭಾರ ಅನಿಸುತ್ತದೆ ಎಂದಳು. ನಾನು ಮಾತನ್ನು ಮತ್ತೆ ಕೋಟಿನ ಕಡೆಗೇ ತಿರುಗಿಸಿದೆ.

ಪ್ರಯೋಗಾಲಯ

ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರೊಂದು, ಕೊಟ್ಟಾಕೆಯ ಒಪ್ಪಿಗೆಯ ಮೇಲೆ, ನಮ್ಮ ಕೈಗೆ ಬರುತ್ತದೆ. ಹೆಸರಿಲ್ಲ, ಬರೀ ಸಂಖ್ಯೆ. ಅದನ್ನು ಸಣ್ಣಗೆ ಕತ್ತರಿಸಿ, ಕೋಶಗಳನ್ನು ಬಿಡಿಸಿ, ಒಂದು ಬಗೆಯ ಜೆಲ್‌ನಲ್ಲಿ ಕಲಸುತ್ತೇವೆ. ಆ ಜೆಲ್ ಮಂಜುಗಡ್ಡೆಯ ಮೇಲಿದ್ದಾಗ ನೀರಾಗಿರುತ್ತದೆ, ಮೈಯ ಬಿಸಿಗೆ ಹೆಪ್ಪುಗಟ್ಟುತ್ತದೆ. ಹನಿ ಹನಿಯಾಗಿ ತಟ್ಟೆಗೆ ಬಿಟ್ಟು, ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು, ಬೇಕಾದ ಆಹಾರ ಕೊಟ್ಟರೆ, ಕೆಲವು ದಿನಗಳಲ್ಲಿ ಆ ಹನಿಯೊಳಗೆ ದುಂಡಗಿನ ಪುಟ್ಟ ಉಂಡೆಗಳು ಕಾಣುತ್ತವೆ. ಅವು ಆ ಹೆಂಗಸಿನ ಗಡ್ಡೆಯ ಗುಣವನ್ನೇ ಬಹುಮಟ್ಟಿಗೆ ಹೊತ್ತಿರುತ್ತವೆ. ಅವಕ್ಕೆ ಆರ್ಗನಾಯ್ಡ್ ಎನ್ನುತ್ತಾರೆ. ನಾನು ಮನಸ್ಸಿನಲ್ಲೇ ಮರಿಗಡ್ಡೆ ಎಂದು ಕರೆದೆ.

ಮೊದಲ ಸಲ ಒಬ್ಬಳೇ ಮಾಡಿದಾಗ ಕೆಡಿಸಿದೆ. ಕೈ ನಿಧಾನವಾಯಿತು. ಜೆಲ್ ಹನಿಯಾಗುವ ಮೊದಲೇ ಕೊಳವೆಯೊಳಗೇ ಗಟ್ಟಿಯಾಯಿತು. ಕೋಶಗಳೆಲ್ಲ ಅದರಲ್ಲೇ ಸಿಕ್ಕಿಕೊಂಡವು. ಮರೈಕೆ ಪಕ್ಕದಲ್ಲಿ ಬಂದು ನಿಂತಳು. ಬೈಯಲಿಲ್ಲ. "ಇದನ್ನು ಕೊಟ್ಟಾಕೆ ಮತ್ತೆ ಕೊಡಲಾರಳು," ಎಂದಷ್ಟೇ ಹೇಳಿ, ತನ್ನ ಕೊಳವೆ ಎತ್ತಿಕೊಂಡು ಮೊದಲಿನಿಂದ ಮಾಡಿ ತೋರಿಸಿದಳು. ಮೌಶಿಯೂ ಹೀಗೇ ಒಂದು ಚೂರು ಕೊಟ್ಟಿದ್ದಳು. ದವಾಖಾನೆಯವರು ಕೇಳಿದಾಗ, "ಅದರಾಗಿಂದ ನನಗೇನ್ ಆಗಬೇಕಾಗ್ಯಾದ, ತಗೊಳ್ರಿ," ಎಂದು ನಕ್ಕಿದ್ದಳಂತೆ. ಅದು ಎಲ್ಲಿ ಹೋಯಿತು, ಯಾರ ಕೈಗೆ ಬಿತ್ತು, ನಾನು ಕೇಳಿದವಳಲ್ಲ, ಕೇಳಬಾರದು ಕೂಡ.

ಕ್ರಮೇಣ ಕೈ ಕುದುರಿತು. ನನ್ನ ತಟ್ಟೆಯಲ್ಲೂ ಮರಿಗಡ್ಡೆಗಳು ಬೆಳೆದವು. ಅವಕ್ಕೆ ಔಷಧ ಹಾಕಿದೆ, ಮೌಶಿಯ ಕೈಯ ನರದೊಳಗೆ ಹನಿ ಹನಿಯಾಗಿ ಇಳಿದಿದ್ದ ಔಷಧವನ್ನೇ. ದಿನ ಕಳೆದಂತೆ ಉಂಡೆಗಳು ಕಪ್ಪಾಗಿ, ಒಡೆದು, ಪುಡಿಯಾದವು. ನೋಡಿ ಖುಷಿಯಾಯಿತು. ಮೌಶಿಯ ಹೊಟ್ಟೆ ಇಳಿದಾಗ ಆದ ಖುಷಿಯೇ ಅದು.

"ಮುಗಿಯಿತು," ಎಂದೆ.

"ಔಷಧ ತೊಳೆದುಬಿಡು. ಕಾದು ನೋಡು," ಎಂದಳು ಮರೈಕೆ.

ತೊಳೆದೆ, ಕಾದೆ. ಪುಡಿಯ ನಡುವೆ ಒಂದೆರಡು ಉಂಡೆಗಳು ಸುಮ್ಮನೆ ಕುಳಿತಿದ್ದವು, ಮಿಸುಕದೆ. ಅವು ಸತ್ತಿಲ್ಲ ಎಂದು ಗೊತ್ತಾಗಲು ಸುಮಾರು ದಿನ ಬೇಕಾಯಿತು. ಆಮೇಲೆ ಮೆಲ್ಲಗೆ ಹಿಗ್ಗಿದವು. ಮತ್ತೆ ಅದೇ ಔಷಧ ಹಾಕಿದೆ. ಈ ಸಲ ಬಹಳಷ್ಟು ಸಾಯಲೇ ಇಲ್ಲ. ಮೊದಲ ಸಲ ಉಳಿದವು ಯಾಕೆ ಉಳಿದವು, ಒಳಗೆ ಏನನ್ನು ಬದಲಿಸಿಕೊಂಡವು, ಅದನ್ನೇ ಇಲ್ಲಿ ಹುಡುಕುತ್ತಾರೆ. ನನಗೆ ಆಗ ಹುಡುಕಾಟ ನೆನಪಾಗಲಿಲ್ಲ. ಮೌಶಿ ತೇಗಿದ್ದು ನೆನಪಾಯಿತು. ಸೂಕ್ಷ್ಮದರ್ಶಕದ ದೀಪ ಆರಿಸಿ ಹೊರಗೆ ಹೋಗಿ ನಿಂತೆ.

ಲೈಡನ್, ಹೆಂಕ್ ಬಂದ ದಿನ

ಒಂದು ಮಧ್ಯಾಹ್ನ ಕಾಫಿಯ ಹೊತ್ತಿಗೆ ವಯಸ್ಸಾದ ಗಂಡಸೊಬ್ಬ ಸೇಬಿನ ಕೇಕ್ ಹಿಡಿದು ಬಂದ. ಹೆಸರು ಹೆಂಕ್. ಆತನ ಹೆಂಡತಿ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಳು. ತನ್ನ ಗಡ್ಡೆಯನ್ನು ಸಂಶೋಧನೆಗೆ ಕೊಟ್ಟಿದ್ದಳು. ರೋಗಿಗಳ ಮನೆಯವರು ಆಗಾಗ ಬಂದು ಪ್ರಯೋಗಾಲಯ ನೋಡುವ ರೂಢಿ ಅಲ್ಲಿದೆ.

"ಇವತ್ತು ನನ್ನ ಹೆಂಡತಿಯ ಹುಟ್ಟುಹಬ್ಬ," ಎಂದ ಹೆಂಕ್, ಕೇಕಿನ ಡಬ್ಬಿ ಬಿಚ್ಚುತ್ತ.

ಈ ದೇಶದಲ್ಲಿ ಹುಟ್ಟುಹಬ್ಬದ ದಿನ ಹುಟ್ಟಿದವರಿಗಷ್ಟೇ ಅಲ್ಲ, ಅವರ ಗಂಡ, ಅಕ್ಕ, ನೆರೆಯವರು, ಸಿಕ್ಕವರಿಗೆಲ್ಲ ಅಭಿನಂದನೆ ಹೇಳುತ್ತಾರೆ. ಆದರೆ ಹುಟ್ಟಿದವಳೇ ಇಲ್ಲದಾಗ? ಎಲ್ಲರೂ ಕಪ್ಪು ಹಿಡಿದು ನಿಂತರು. ಮೊದಲು ಮರೈಕೆ ಹೋಗಿ ಆತನ ಕೈ ಕುಲುಕಿ "ಅಭಿನಂದನೆ" ಎಂದಳು. ಆಮೇಲೆ ಒಬ್ಬೊಬ್ಬರಾಗಿ ಹೋದರು. ನಾನೂ ಹೋದೆ. ಆತನ ಅಂಗೈ ಒದ್ದೆಯಾಗಿತ್ತು.

ಆತನಿಗೆ ಸೂಕ್ಷ್ಮದರ್ಶಕ ತೋರಿಸುವ ಕೆಲಸ ನನ್ನ ಪಾಲಿಗೆ ಬಂತು.

"ಇದು ಅವಳದೇ?" ಎಂದು ಕೇಳಿದ.

"ಗೊತ್ತಿಲ್ಲ. ಇಲ್ಲಿ ಯಾರ ಹೆಸರೂ ಇರುವುದಿಲ್ಲ."

ಕಣ್ಣಿಟ್ಟು ಬಹಳ ಹೊತ್ತು ನೋಡಿದ. "ಇವು ಔಷಧಕ್ಕೆ ಸಾಯದವೇ?"

"ಹೌದು."

ತಲೆ ಎತ್ತಿದ. "ಅವಳದೇನೋ ಇಲ್ಲಿ ಉಳಿದಿದೆ ಎಂದುಕೊಂಡು ಬಂದೆ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಟೈ ಕಟ್ಟಿಕೊಂಡು ಬಂದೆ, ನೋಡು. ಆದರೆ ಇದು ಅವಳಲ್ಲ. ಅವಳನ್ನು ಕೊಂದದ್ದು ಇದು."

ನಮ್ಮ ಭಾಷೆಯಾಗಿದ್ದರೆ ಸಮಾಧಾನದ ಮಾತೊಂದು ಹೇಳುತ್ತಿದ್ದೆನೇನೋ.

"ನನ್ನ ಚಿಕ್ಕಮ್ಮನಿಗೂ ಇದೇ ಕಾಯಿಲೆ," ಎಂದೆ.

ಹೆಂಕ್ ಟೈ ಸಡಿಲಿಸಿಕೊಂಡ. "ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ," ಎಂದೆ. ಅವನು ನಂಬಿದ. ನಿನ್ನ ಚಿಕ್ಕಮ್ಮನಿಗೂ ಎಂದು ಹೇಳಿ ನನ್ನ ಕೈಗೆ ಇನ್ನೊಂದು ಚೂರು ಕೇಕ್ ಇಟ್ಟು ಹೋದ.

ಕಾಲುವೆಯ ದಂಡೆ

ಮೌಶಿಯ ಫೋನ್ ಬಂದದ್ದು ನಾನು ಬೆಳಿಗ್ಗೆ ಸೈಕಲ್ ಮೇಲೆ ಹೊರಟಿದ್ದಾಗ. ಅಲ್ಲಿ ಮಧ್ಯಾಹ್ನವಾಗಿತ್ತು. ಸೈಕಲ್ ನಿಲ್ಲಿಸಿ ದಂಡೆಯ ಬೆಂಚಿನ ಮೇಲೆ ಕುಳಿತೆ.

"ಸಂಗೀ, ಸ್ಕ್ಯಾನ್ ಆಯ್ತು. ಮತ್ತ ಬಂದದಂತ."

"ಡಾಕ್ಟರ್ ಏನಂದ್ರು ಮೌಶಿ?"

"ಮೊದಲಿನ ದವಾ ಈಗ ನಡ್ಯಂಗಿಲ್ಲಂತ. ಬ್ಯಾರೆದು ಕೊಡ್ತೀವಿ ಅಂತಾರ. ಹೈದರಾಬಾದಾಗೇ ಇರಬೇಕಂತ. ನಿಮ್ಮ ಕಾಕಾ ಹ್ಞೂಂ ಅಂತಾನ, ನಿಮ್ಮವ್ವ ಅಳ್ತಾಳ. ನೀ ಅಲ್ಲಿ ಇದನ್ನೇ ಕಲೀಲಕತ್ತಿ ಅಲ್ಲ? ನೀ ಖರೇ ಹೇಳು."

"ನಾ ಡಾಕ್ಟರ್ ಅಲ್ಲ ಮೌಶಿ..."

"ಅದಕ್ಕೇ ನಿನಗ ಕೇಳ್ತೇನಿ."

ಎದುರಿಗೆ ಒಂದು ಬಾತುಕೋಳಿ ಮರಿಗಳನ್ನು ಹಿಂದಿಟ್ಟುಕೊಂಡು ಈಜುತ್ತಿತ್ತು. ಅದು ಸೇತುವೆಯ ಕೆಳಗೆ ಮರೆಯಾಯಿತು.

"ಬ್ಯಾರೆ ದವಾ ಜರಾ ದಿನ ಹಿಡ್ದು ಇಡಬಹುದು. ಪೂರಾ ಹೋಗ್ತದ ಅಂತ ನನಗ ಅನಸಂಗಿಲ್ಲ."

"ನೀವು ಅಲ್ಲಿ ಹುಡುಕೋದು ನನಗ ಮುಟ್ಟತದೇನು?"

"ಇಲ್ಲ ಮೌಶಿ. ಇನ್ನಾ ಭಾಳ ವರ್ಷ ಬೇಕು."

"ಅಳಬ್ಯಾಡ," ಎಂದಳು. ನಾನು ಅಳುತ್ತಿರುವುದು ಆಗಲೇ ನನಗೂ ಗೊತ್ತಾದದ್ದು. "ಕೇಳ್ದೆ, ಹೇಳ್ದಿ. ನಾ ಔರಾದಕ್ಕೇ ಹೋಗ್ತೇನಿ. ಆ ಹತ್ತನೇ ಮಜಲಿನ ದವಾಖಾನಿ ಕಿಟಕ್ಯಾಗಿಂದ ಮಂದಿ ಇರಿವಿ ಕಂಡಂಗ ಕಾಣ್ತಾರ. ನನಗ ಅಲ್ಲಿ ಸಾಯೋದು ಬ್ಯಾಡ."

ಅವತ್ತು ಪ್ರಯೋಗಾಲಯಕ್ಕೆ ತಡವಾಗಿ ಹೋದೆ. ಮರೈಕೆ ಕಾರಣ ಕೇಳಿದಳು. ಹೇಳಿದೆ. ಆಕೆ ನನ್ನ ತಟ್ಟೆಗಳನ್ನೆಲ್ಲ ತನ್ನ ಪೆಟ್ಟಿಗೆಗೆ ಸಾಗಿಸಿ, "ಇವನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಟಿಕೆಟ್ ನೋಡು," ಎಂದಳು. ವಿಮಾನ ನಿಲ್ದಾಣಕ್ಕೆ ಆಕೆಯೇ ಕಾರಿನಲ್ಲಿ ಬಿಟ್ಟಳು. ದಾರಿಯಲ್ಲಿ ಹೆಚ್ಚು ಮಾತಿಲ್ಲ. ಇಳಿಯುವಾಗ ಅವರ ರೂಢಿಯಂತೆ ಕೆನ್ನೆಗೆ ಕೆನ್ನೆ ತಾಗಿಸಿದಳು. ನಾನು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಮೂಗಿಗೆ ಮೂಗು ಡಿಕ್ಕಿ ಹೊಡೆಸಿದೆ. ಇಬ್ಬರೂ ನಕ್ಕೆವು. ನಗುತ್ತಲೇ ಆಕೆ ಕಣ್ಣೊರೆಸಿಕೊಂಡಳು.

ಮತ್ತೆ ಔರಾದ

ಹೈದರಾಬಾದಿನಿಂದ ಬೀದರ್, ಬೀದರಿನಿಂದ ಔರಾದದ ಬಸ್ಸು. ಕಿಟಕಿಯ ಹೊರಗೆ ನೆಲ ಬಿರುಕು ಬಿಟ್ಟು ಬಿದ್ದಿತ್ತು. ಎದುರಿನಿಂದ ಗಂಟುಮೂಟೆ ಕಟ್ಟಿಕೊಂಡ ಜನರನ್ನು ತುಂಬಿಕೊಂಡು ಟೆಂಪೋಗಳು ಬರುತ್ತಿದ್ದವು. ನಾನು ಊರಿಗೆ ಹೋಗುತ್ತಿದ್ದೆ, ಅವರು ಊರು ಬಿಟ್ಟು ಹೋಗುತ್ತಿದ್ದರು.

ಮೌಶಿಯ ತೋಳು, ಭುಜ, ಮುಖ ಎಲ್ಲ ಒಣಗಿದ್ದವು. ಹೊಟ್ಟೆ ಮಾತ್ರ ದೊಡ್ಡದಾಗಿತ್ತು. ಅವ್ವ ಭಾಲ್ಕಿಯಿಂದ ರಜೆ ಹಾಕಿ ಬಂದಿದ್ದಳು. ಕಾಕಾ ಹೊಸಿಲಿನ ಹೊರಗೆ ಕುಳಿತಿರುತ್ತಿದ್ದ. ಹೊಟ್ಟೆಯಲ್ಲಿ ನೀರು ತುಂಬಿದಾಗ ಡಾಕ್ಟರು ಬಂದು ತೆಗೆಯುತ್ತಿದ್ದರು. ಆ ದಿನ ಜರಾ ಹಗುರಾಗಿ ಮಾತಾಡುತ್ತಿದ್ದಳು. ಗಡ್ಡೆಯ ಮಾತು ಒಮ್ಮೆಯೂ ಎತ್ತಲಿಲ್ಲ. ಮಳೆಯ ಬಗ್ಗೆಯೇ ಕೇಳುತ್ತಿದ್ದಳು. ದಿನಾ ಬರ್ತದೇನು, ಬಂದ್ರ ವಾಸನಿ ಬರ್ತದೇನು ಎಂದು.

"ವಾಸನಿ ಬರಂಗಿಲ್ಲ ಮೌಶಿ. ಅಲ್ಲಿ ನೆಲಾ ಒಣಗಂಗೇ ಇಲ್ಲ."

"ಹಂಗಾರ ಅದೇನ್ ಮಳಿ ಬಿಡು," ಎಂದಳು.

ಆಕೆಯೇ ಹೊಲಿದುಕೊಂಡ ಜಂಪರ್ ಭುಜದಿಂದ ಜಾರುತ್ತಿತ್ತು. ಒಂದು ದಿನ ಅದನ್ನು ಕೊಟ್ಟು, ಬಿಗಿಯಾಗುವ ಹಾಗೆ ಹಿಡಿದು ಹೊಲಿ ಎಂದಳು. ನಾನು ಮಷಿನ್ ಮುಂದೆ ಕುಳಿತು ಹೊಲಿದೆ. ಹೊಲಿಗೆ ಹಾವು ಹರಿದ ಹಾಗೆ ಹೋಯಿತು. ಮೌಶಿ ಬೆಳಕಿಗೆ ಹಿಡಿದು ನೋಡಿ ಮುಖ ಸಿಂಡರಿಸಿದಳು.

"ಈ ಕೈಲೆ ನೀ ಅಲ್ಲಿ ಗಡ್ಡಿ ಹ್ಯಾಂಗ ಬೆಳಸ್ದಿ?"

"ಮೊದಲ್ನೇದು ಕೆಡಿಸ್ದೆ ಮೌಶಿ."

ನಕ್ಕಳು. ನಗು ಹೊಟ್ಟೆಗೆ ನೋವು ತಂದಿತು. ಹೊಟ್ಟೆ ಹಿಡಿದುಕೊಂಡೇ ಇನ್ನೂ ನಕ್ಕಳು. ಆ ಜಂಪರನ್ನೇ ತೊಟ್ಟುಕೊಂಡಳು.

ಆ ವಾರದಲ್ಲೇ ಒಂದು ಮಧ್ಯಾಹ್ನ, ಅವ್ವ ತಲೆ ಬಾಚುತ್ತಿದ್ದಾಗ, ಆಕೆಯ ಉಸಿರು ನಿಂತಿತು. ಅವ್ವ ಹಣಿಗೆಯನ್ನು ಕೆಳಗಿಡದೆ ಹಾಗೇ ಕುಳಿತಿದ್ದಳು. ಹೊರಗಿನಿಂದ ಕಾಕಾನನ್ನು ನಾನೇ ಕರೆತಂದೆ.

ನಮ್ಮದು ಬೌದ್ಧರ ಮನೆತನ, ಮನೆಯಲ್ಲಿ ಬುದ್ಧವಂದನೆ ನಡೆಯಿತು. ಬಿಳಿ ಸೀರೆಯುಟ್ಟ ಹೆಂಗಸರು ಬಂದು ಕುಳಿತರು. ಬಂದವರಲ್ಲಿ ಬಹಳ ಜನ ಮೌಶಿ ಹೊಲಿದ ಜಂಪರನ್ನೇ ತೊಟ್ಟಿದ್ದರು. ಬರಬೇಕಾದವರಲ್ಲಿ ಅರ್ಧ ಜನ ಊರಲ್ಲೇ ಇರಲಿಲ್ಲ.

ಬೀದರ್

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ರೊಟ್ಟಿ, ಪಲ್ಯ ತಂದುಕೊಡುತ್ತಿದ್ದರು. ಹಿಂದಿನ ಓಣಿಯ ಕಲಾವತಿ ಎಂಬಾಕೆಯೂ ತಂದಳು. ಕುರಿ ಸಾಕುವ ಮನೆಯ ಹೆಂಗಸು. ಮೇವಿಲ್ಲದೆ ಕುರಿ ಮಾರಿ, ಗಂಡನ ಜೊತೆ ಮರುದಿನ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಡುವವಳಿದ್ದಳು. ಬುಟ್ಟಿ ಕೊಟ್ಟ ಮೇಲೂ ಹೋಗದೆ ನಿಂತಳು. ಬೇರೆ ಹೆಂಗಸರು ಎದ್ದುಹೋದ ಮೇಲೆ ನನ್ನ ಹತ್ತಿರ ಬಂದಳು.

"ಅಕ್ಕಾ, ನಿಮ್ಮ ಮೌಶಿಗಿ ಮೊದಮೊದಲ ಏನಾಗಿತ್ತರಿ?"

"ಹೊಟ್ಟಿ ಉಬ್ಬತಿತ್ತು. ಜರಾ ಉಂಡ್ರೂ ತುಂಬಿದಂಗ ಆಗತಿತ್ತು. ಯಾಕ?"

ಆಕೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು. "ನನಗೂ ಹಂಗೇ ಆಗ್ಲಕತ್ಯಾದರಿ. ಯಾರಿಗೂ ಹೇಳಿಲ್ರಿ."

ಅವತ್ತೇ ಆಕೆಯನ್ನು ಕರೆದುಕೊಂಡು ಬೀದರಿನ ಬಸ್ಸು ಹತ್ತಿದೆ. ಆಕೆಯ ಗಂಡ ನಿಲ್ದಾಣದತನಕ ಬಂದ. ನಾಳೆಯ ಟೆಂಪೋದವನಿಗೆ ಏನು ಹೇಳಲಿ ಎಂದು ಎರಡು ಸಲ ಕೇಳಿದ. ಕಲಾವತಿ ಸಂತಪುರ ದಾಟುವತನಕ ಕಿಟಕಿಯ ಕಡೆಗೇ ಮುಖ ಮಾಡಿದ್ದಳು.

ಸ್ಕ್ಯಾನ್ ಮಾಡುವ ಕೋಣೆಗೆ ಒಬ್ಬಳೇ ಹೋಗಲು ಹೆದರಿದಳು. ನಾನೂ ಹೋದೆ. ಡಾಕ್ಟರಮ್ಮ ಪರದೆ ನೋಡುತ್ತ ಅಳತೆ ತೆಗೆದರು. ಬಲಗಡೆಯ ಅಂಡಾಶಯದಲ್ಲಿ ಗಡ್ಡೆಯಿದೆ, ನೋಡಿದ ಮಟ್ಟಿಗೆ ಬೇರೆಲ್ಲೂ ಹರಡಿದಂತೆ ಕಾಣುವುದಿಲ್ಲ, ಅದು ಎಂಥದು ಎಂದು ತೆಗೆದ ಮೇಲೆಯೇ ತಿಳಿಯುವುದು, ತಡ ಮಾಡದೆ ಹೈದರಾಬಾದಿಗೆ ಕರೆದೊಯ್ಯಿರಿ ಎಂದರು. ಚೀಟಿ ಬರೆದುಕೊಟ್ಟರು.

ಹೊರಗೆ ಬಂದು ಬೇವಿನ ಮರದ ನೆರಳಲ್ಲಿ ನಿಂತೆವು. ಡಾಕ್ಟರಮ್ಮ ಹೇಳಿದ್ದನ್ನು ಮತ್ತೊಮ್ಮೆ ಆಕೆಗೆ ತಿಳಿಯುವ ಹಾಗೆ ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ. ಕಲಾವತಿ ಎಲ್ಲವನ್ನೂ ಕೇಳಿಸಿಕೊಂಡಳು. ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ನಾಳಿ ಹೈದರಾಬಾದಿಗಿ ಹೋಗೋದೇ ಇತ್ತಲ್ರಿ ಅಕ್ಕಾ," ಎಂದಳು. "ಮೊದಲ ದವಾಖಾನಿಗಿ ಹೋಗ್ತೇನಿ."